ಒಡೆದ ಪಿಂಗಾಣಿ, ಕಡಿದ ತಂತು

ಪ್ಯಾರಿಸ್ಸಿನಲ್ಲಿ ಒಬ್ಬ ಹೆಂಗಸಿಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ. ಕೈ ನಡುಗುತ್ತಿತ್ತು, ಹಿಡಿದದ್ದು ಜಾರುತ್ತಿತ್ತು. ವೈದ್ಯ ಶಾರ್ಕೊ ಮಾತ್ರ ಆಕೆಯನ್ನು ಮನೆಗೆಲಸಕ್ಕೆ ಇಟ್ಟುಕೊಂಡ. ಕನಿಕರಕ್ಕಿಂತ ಕುತೂಹಲವೇ ಹೆಚ್ಚಿತ್ತೇನೋ. ವರ್ಷಗಟ್ಟಲೆ ತಟ್ಟೆಗಳು ಒಡೆದವು. ಆತ ನಷ್ಟ ಭರಿಸುತ್ತ, ಆಕೆಯನ್ನು ಗಮನಿಸುತ್ತ ಹೋದ. ಈ ಕತೆಯನ್ನು ಬರೆದಿಟ್ಟವನು ಅವನ ಶಿಷ್ಯ ಸಿಗ್ಮಂಡ್ ಫ್ರಾಯ್ಡ್. ಆಕೆ ಸತ್ತ ಮೇಲೆ ಕೊಯ್ದು ನೋಡಿದಾಗ ನಡುಕದ ಗುಟ್ಟು ಬಯಲಾಯಿತು: ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ.

1868ರಲ್ಲಿ ಆ ರೋಗಕ್ಕೆ ಸ್ಪಷ್ಟ ರೂಪ ಕೊಟ್ಟವನೂ ಶಾರ್ಕೊನೇ. ನರತಂತುವಿನ ಮಯಲಿನ್ ಹೊದಿಕೆ ಕಳಚಿತ್ತು, ಒಳಗಿನ ತಂತು ಬಹುಪಾಲು ಉಳಿದಂತೆ ಕಂಡಿತು. ತಂತುವೂ ಕೆಡುತ್ತದೆ ಎಂಬ ಮಾತು ಆಗಲೇ ಎದ್ದಿತ್ತು, ಆದರೆ ಮೂಲೆ ಸೇರಿತು. ಒಂದು ಒಗಟು ಹಾಗೇ ಉಳಿಯಿತು. ರೋಗದ ದಾಳಿ ಬರುತ್ತಿತ್ತು, ಇಳಿಯುತ್ತಿತ್ತು, ರೋಗಿ ಎದ್ದು ಓಡಾಡುತ್ತಿದ್ದ. ಆದರೂ ವರ್ಷಗಳು ಉರುಳಿದಂತೆ ಹಲವರ ಕೈಗೆ ಕೋಲು ಬರುತ್ತಿತ್ತು, ಆಮೇಲೆ ಗಾಲಿಕುರ್ಚಿ.

ಇದನ್ನು ಬಿಡಿಸಲು ಮೊದಲು ಕುಸಿತವನ್ನು ಅಳೆಯಬೇಕಿತ್ತು. ಅಮೆರಿಕದ ಜಾನ್ ಕರ್ಟ್ಸ್‌ಕೆ 1955ರಲ್ಲಿ ಒಂದು ಅಳತೆಗೋಲು ಮಾಡಿದ, 1983ರಲ್ಲಿ ತಿದ್ದಿದ. ಸೊನ್ನೆಯೆಂದರೆ ಊನವಿಲ್ಲ, ಹತ್ತೆಂದರೆ ಸಾವು. ಆರಕ್ಕೆ ಕೋಲು, ಏಳಕ್ಕೆ ಗಾಲಿಕುರ್ಚಿ. ಹೊಸೂರು, ಕೃಷ್ಣಗಿರಿಯಿಂದ ಅತ್ತಿಬೆಲೆ ದಾಟಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಬಂದವರ ನಡಿಗೆಗೂ ಮುಂದೆ ಇದೇ ಅಳತೆ ಬಂತು.

ಫ್ರಾನ್ಸಿನ ಲಿಯೋನ್‌ನಲ್ಲಿ ಕ್ರಿಸ್ಟಿಯಾನ್ ಕೊನ್ಫಾವ್ರೊ ಹಠ ಹಿಡಿದು ಕಡತ ಕೂಡಿಸಿದ. ರೋಗಿಗಳು 1,844. ಹೆಚ್ಚಿನವರಿಗೆ ರೋಗ ದಾಳಿಗಳಿಂದ ಶುರುವಾಗಿತ್ತು, ಉಳಿದವರಿಗೆ ಮೊದಲಿನಿಂದಲೂ ನಿಧಾನವಾಗಿ ಏರುತ್ತಿತ್ತು. ದಾಳಿಯವರು ಆ ಅಳತೆಗೋಲಿನ ನಾಲ್ಕನೇ ಮೆಟ್ಟಿಲು ಮುಟ್ಟಲು ವರ್ಷಗಳೇ ಹಿಡಿದವು. ಅಲ್ಲಿಂದ ಆರಕ್ಕೆ? ದಾಳಿಯವರಿಗೆ 5.7 ವರ್ಷ, ನಿಧಾನವಾಗಿ ಏರಿದವರಿಗೆ 5.4. ಹೆಚ್ಚುಕಡಿಮೆ ಒಂದೇ! ಒಂದು ಹಂತ ದಾಟಿದ ಮೇಲೆ ಊನ ದಾಳಿಗಾಗಿ ಕಾಯುತ್ತಲೇ ಇರಲಿಲ್ಲ. ಈ ಲೆಕ್ಕ ಅಚ್ಚಾದದ್ದು 2000ದಲ್ಲಿ.

ಉತ್ತರದ ಎಳೆ ಎರಡು ವರ್ಷ ಮೊದಲೇ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಸಿಕ್ಕಿತ್ತು. ಬ್ರೂಸ್ ಟ್ರ್ಯಾಪ್ ಮತ್ತು ಸಂಗಡಿಗರು 11 ಮೃತರ ಮಿದುಳಿನಲ್ಲಿ ಹೊದಿಕೆಯನ್ನಲ್ಲ, ತಂತುವನ್ನೇ ಹುಡುಕಿದರು. ತಂತುಗಳು ತುಂಡಾಗಿದ್ದವು, ಕಡಿದ ತುದಿಗಳು ಊದಿಕೊಂಡಿದ್ದವು. ಉರಿಯೂತವಿದ್ದ ಕಲೆಗಳಲ್ಲಿ ಒಂದು ಘನ ಮಿಲಿಮೀಟರಿಗೆ ಸರಾಸರಿ 11,000ಕ್ಕೂ ಹೆಚ್ಚು ಕಡಿದ ತಂತುಗಳು. ರೋಗವಿಲ್ಲದ ಮಿದುಳಿನಲ್ಲಿ ಒಂದೂ ಇಲ್ಲವೆನ್ನುವಷ್ಟು. ರೋಗ ಹಿಡಿದು ಎರಡೇ ವಾರವಾಗಿದ್ದವರಲ್ಲೂ ತಂತು ಕಡಿದಿತ್ತು.

ಅಂದರೆ ನಷ್ಟ ಮೊದಲಿನಿಂದಲೇ ನಡೆದಿತ್ತು. ಉಳಿದ ತಂತುಗಳಿಂದಲೇ ಮಿದುಳು ಹೇಗೋ ಕೆಲಸ ಸಾಗಿಸಿತ್ತು. ಆ ಉಳಿಕೆ ಕರಗಿದಾಗ, ದಾಳಿ ಬರಲಿ ಬಿಡಲಿ, ನಡಿಗೆ ಕುಸಿಯತೊಡಗಿತು. ರೋಗ ಪತ್ತೆಯಾದ ಕೂಡಲೇ ಮದ್ದು ಶುರುಮಾಡಬೇಕು ಎಂಬ ವಾದಕ್ಕೆ ಆಮೇಲೆ ಬಲ ಬಂತು.