ತಾಳಿಕೋಟಿಯಿಂದ ತಂಗಡಗಿಯವರೆಗೆ: ಕೃಷ್ಣೆಯ ದಂಡೆಯ ರಣಭೂಮಿ

ವಿಜಯನಗರದ ಅಳಿವಿಗೆ ಕಾರಣವಾದ 1565ರ ಮಹಾಯುದ್ಧಕ್ಕೆ ತಾಳಿಕೋಟಿಯ ಹೆಸರು ಅಂಟಿಕೊಂಡಿದೆ. ಆದರೆ ಆ ಯುದ್ಧ ನಡೆದದ್ದು ತಾಳಿಕೋಟಿಯಲ್ಲಲ್ಲ. ಡೋಣಿ ನದಿಯ ದಂಡೆಯ ಈ ಊರಿನಲ್ಲಿ ಬೀಡುಬಿಟ್ಟ ದಖ್ಖನಿನ ಸುಲ್ತಾನರ ಸೇನೆಗಳು ಅಲ್ಲಿಂದ ತೆಂಕಣಕ್ಕೆ ನಡೆದು, ಕೃಷ್ಣೆಯನ್ನು ದಾಟಿ, ವಿಜಯನಗರದ ರಾಮರಾಯನ ಪಡೆಯನ್ನು ಎದುರಿಸಿದವು. ಹೀಗಾಗಿ ಯುದ್ಧದ ನೆಲವನ್ನು ನೋಡಬೇಕೆನ್ನುವವರು ತಾಳಿಕೋಟಿಯಲ್ಲಿ ನಿಲ್ಲದೆ ಇನ್ನೂ ಮುಂದೆ ಹೋಗಬೇಕು. ಮುದ್ದೇಬಿಹಾಳ ದಾಟಿ ತಂಗಡಗಿಯ ಹೊಳೆದಂಡೆಗೆ ಬಂದರೆ ಆ ಕಾಳಗದ ಮುಖ್ಯ ಪಾತ್ರಧಾರಿಯೇ ಕಣ್ಣಿಗೆ ಬೀಳುತ್ತದೆ. ಅದು ಕೃಷ್ಣಾ ನದಿ.

ಸಿಂದಗಿ, ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯೆಲ್ಲ ಎರೆಮಣ್ಣಿನ ಬಯಲು. ದೊಡ್ಡ ಬೆಟ್ಟವಿಲ್ಲ, ದಟ್ಟ ಕಾಡಿಲ್ಲ. ನೋಟ ಹಾಯ್ದಷ್ಟು ದೂರ ಹೊಲ, ನಡುವೆ ಅಲ್ಲಲ್ಲಿ ಬೇವಿನ ಮರ, ಬನ್ನಿ ಗಿಡ, ಹಳ್ಳದ ದಂಡೆಗೆ ಜಾಲಿ. ಬೇಸಿಗೆಯಲ್ಲಿ ಈ ನೆಲ ಬಾಯಿಬಿಟ್ಟು ಒಣಗುತ್ತದೆ. ಮಳೆಗಾಲದಲ್ಲಿ ಗಾಲಿ ಹೂತುಹೋಗುವಷ್ಟು ಅಂಟಾಗುತ್ತದೆ. ಸಾವಿರಾರು ಕುದುರೆ, ಆನೆ, ತೋಪಿನ ಬಂಡಿಗಳ ದಂಡು ಇಲ್ಲಿ ಸಾಗಬೇಕಾದರೆ ಚಳಿಗಾಲವೇ ತಕ್ಕ ಕಾಲ. 1564ರ ಡಿಸೆಂಬರಿನಲ್ಲಿ ಸೇನೆಗಳು ಕೂಡಿದ್ದಕ್ಕೂ ಜನವರಿಯಲ್ಲಿ ಕಾಳಗ ನಡೆದದ್ದಕ್ಕೂ ಈ ಮಣ್ಣು ಮತ್ತು ಹೊಳೆಯ ನೀರಿನ ಮಟ್ಟವನ್ನು ನೋಡಿದವರಿಗೆ ಕಾರಣ ತಾನಾಗಿ ಹೊಳೆಯುತ್ತದೆ.

ಯುದ್ಧದ ಬೀಜ ಬಿದ್ದದ್ದು ಬಹಳ ಹಿಂದೆ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬಿಗಾಗಿ ಬಹಮನಿಗಳ ಕಾಲದಿಂದಲೂ ಹೋರಾಟ ನಡೆದಿತ್ತು. ಕೃಷ್ಣದೇವರಾಯನ ಅಳಿಯನಾದ ರಾಮರಾಯ, ಹೆಸರಿಗೆ ಅರಸನಾಗಿದ್ದ ಸದಾಶಿವರಾಯನನ್ನು ಮುಂದಿಟ್ಟುಕೊಂಡು ರಾಜ್ಯವನ್ನು ತಾನೇ ನಡೆಸುತ್ತಿದ್ದ. ಉತ್ತರದ ಸುಲ್ತಾನರ ಒಳಜಗಳದಲ್ಲಿ ಒಮ್ಮೆ ಒಬ್ಬನ ಪಕ್ಷ, ಇನ್ನೊಮ್ಮೆ ಇನ್ನೊಬ್ಬನ ಪಕ್ಷ ಹಿಡಿದು ತನ್ನ ಬಲ ಬೆಳೆಸಿಕೊಂಡ. ವಿಜಾಪುರದ (ಇಂದಿನ ವಿಜಯಪುರ) ಒಂದನೆಯ ಅಲಿ ಆದಿಲ್‌ಶಾಹ ಮೊದಮೊದಲು ಅವನ ಆಪ್ತನೇ ಆಗಿದ್ದ. ರಾಮರಾಯನ ಮಗ ತೀರಿಕೊಂಡಾಗ ಅಲಿ ತಾನೇ ವಿಜಯನಗರಕ್ಕೆ ಹೋಗಿ ದುಃಖದಲ್ಲಿ ಪಾಲುಗೊಂಡನೆಂದೂ ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳೆಂದೂ ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಅಂಥ ನಂಟು ಕೆಲವೇ ವರ್ಷಗಳಲ್ಲಿ ಹಗೆಯಾಯಿತು.

ಸುಲ್ತಾನರು ಒಂದಾದದ್ದು ಮದುವೆಗಳ ಮೂಲಕ. ಅಹಮದ್‌ನಗರದ ಹುಸೇನ್ ನಿಜಾಮ್‌ಶಾಹ ತನ್ನ ಮಗಳು ಚಾಂದ್‌ಬೀಬಿಯನ್ನು ಅಲಿಗೆ ಕೊಟ್ಟು, ಜೊತೆಗೆ ಬಹುಕಾಲದ ಜಗಳಕ್ಕೆ ಮೂಲವಾಗಿದ್ದ ಸೊಲ್ಲಾಪುರ ಕೋಟೆಯನ್ನೂ ಬಿಟ್ಟುಕೊಟ್ಟ. ಅಲಿಯ ತಂಗಿ ಅಹಮದ್‌ನಗರದ ಸೊಸೆಯಾದಳು. ಗೋಲ್ಕೊಂಡದ ಇಬ್ರಾಹಿಂ ಕುತುಬ್‌ಶಾಹ, ಬೀದರಿನ ಅಲಿ ಬರೀದ್‌ಶಾಹ ಕೂಡಿಕೊಂಡರು. ಬೇರಾರದ ಇಮಾದ್‌ಶಾಹಿ ಮಾತ್ರ ದೂರ ಉಳಿಯಿತು. ಹಿಂದೂ ರಾಜ್ಯದ ಮೇಲೆ ಮುಸ್ಲಿಂ ಅರಸರ ಧರ್ಮಯುದ್ಧವೆಂದು ಇದನ್ನು ಹೇಳುವ ರೂಢಿಯಿದೆ. ಆದರೆ ವಿಜಯನಗರದ ಸೇನೆಯಲ್ಲಿ ಮುಸ್ಲಿಂ ಸರದಾರರಿದ್ದರು, ಸುಲ್ತಾನರ ಪಡೆಗಳಲ್ಲಿ ಮರಾಠ ಕುದುರೆಸವಾರರಿದ್ದರು. ಕೋಟೆ, ಕಂದಾಯ, ಅಪಮಾನ, ಅಧಿಕಾರ ಇವೇ ಕಾಳಗದ ನಿಜವಾದ ಕಾರಣಗಳು. ಧರ್ಮದ ಕನ್ನಡಕ ತೆಗೆದಿಟ್ಟರೆ ಮಾತ್ರ ಆ ಕಾಲದ ರಾಜಕೀಯ ಸರಿಯಾಗಿ ಕಾಣುತ್ತದೆ.

ತಾಳಿಕೋಟಿ ಈಗ ಸ್ವತಂತ್ರ ತಾಲ್ಲೂಕು ಕೇಂದ್ರ. ಮೊದಲು ಮುದ್ದೇಬಿಹಾಳ ತಾಲ್ಲೂಕಿನಲ್ಲಿತ್ತು. ಖಾಸ್ಗತೇಶ್ವರ ಮಠ ಮತ್ತು ಹಳೆಯ ಜಾಮಿ ಮಸೀದಿ ಇಲ್ಲಿ ನೋಡತಕ್ಕವು. ಸುತ್ತಲಿನ ನೆಲದಡಿ ಸುಣ್ಣಕಲ್ಲಿನ ಪದರವಿದೆ. ಅದರಿಂದ ಸೀಳಿ ತೆಗೆದ ಫರಸಿ ಕಲ್ಲು ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಪಡಸಾಲೆಗೆ ನೆಲವಾಗಿದೆ. ಊರ ಪಕ್ಕದ ಡೋಣಿ, ಮಹಾರಾಷ್ಟ್ರದ ಜತ್ತ ಭಾಗದಲ್ಲಿ ಹುಟ್ಟಿ ಬಂದು ಕೊಡೇಕಲ್ಲಿನ ಕಡೆ ಕೃಷ್ಣೆಯನ್ನು ಸೇರುತ್ತದೆ. ನೀರು ಸವಳು, ಕುಡಿಯಲು ಒಗ್ಗದು. ಮಳೆಗಾಲದಲ್ಲಿ ಒಮ್ಮೆಲೇ ಉಕ್ಕಿ ಸೇತುವೆ ಮುಳುಗಿಸುವುದೂ ಅದರ ಗುಣವೇ. ಹಾಗಿದ್ದೂ ಅದರ ಬದಿಯ ಹೊಲಗಳ ಬಿಳಿಜೋಳಕ್ಕೆ ಸಾಟಿಯಿಲ್ಲ. ಡೋಣಿಸಾಲು ಬೆಳೆದರೆ ಓಣಿತುಂಬ ಜೋಳ ಎಂಬರ್ಥದ ಮಾತು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ನಾಲ್ಕು ಸುಲ್ತಾನರ ದಂಡಿಗೆ ಕಾಳು, ಮೇವು ಸಿಗುವ ಜಾಗ ಬೇಕಿತ್ತು. ತಾಳಿಕೋಟಿ ಅವರ ಬೀಡಾದದ್ದು ಆಕಸ್ಮಿಕವಲ್ಲ.

ಇನ್ನು ಕೃಷ್ಣೆ. ರಾಮರಾಯ ತನ್ನ ತಮ್ಮ ತಿರುಮಲನನ್ನು ಮೊದಲೇ ದೊಡ್ಡ ಪಡೆಯೊಡನೆ ಕಳುಹಿಸಿ, ನಡೆದು ದಾಟಬಹುದಾದ ಹಾಯ್ಗಡಗಳನ್ನೆಲ್ಲ ಕಟ್ಟಿ ಕಾಯಿಸಿದ. ಹಿಂದೆಯೇ ಇನ್ನೊಬ್ಬ ತಮ್ಮ ವೆಂಕಟಾದ್ರಿ ಬಂದ; ಕೊನೆಗೆ ಇಳಿವಯಸ್ಸಿನ ರಾಮರಾಯನೇ ಬಂದ. ಆಚೆ ದಡದಲ್ಲಿ ಮಣ್ಣಿನ ಒಡ್ಡು, ತೋಪು. ನೇರವಾಗಿ ನೀರಿಗಿಳಿದರೆ ಸುಲ್ತಾನರ ಸೇನೆ ಹೊಳೆಯಲ್ಲೇ ಮುಗಿಯುತ್ತಿತ್ತು. ಆಗ ಅವರು ಹೂಡಿದ ಉಪಾಯವನ್ನು ಫೆರಿಶ್ತಾ ವಿವರವಾಗಿ ಹೇಳುತ್ತಾನೆ. ಬೇರೆ ಹಾಯ್ಗಡ ಹುಡುಕುವವರಂತೆ ಸೇನೆ ಡೇರೆ ಕಿತ್ತು ದಂಡೆಗುಂಟ ಸಾಗಿತು. ಎದುರು ದಡದ ವಿಜಯನಗರದ ಪಡೆಯೂ ಕಾವಲು ಬಿಟ್ಟು ಅದಕ್ಕೆ ಸರಿಯಾಗಿ ಹೆಜ್ಜೆ ಹಾಕಿತು. ಮೂರು ದಿನ ಹೀಗೆ ನಡೆದ ಮೇಲೆ ಸುಲ್ತಾನರು ರಾತ್ರೋರಾತ್ರಿ ತಿರುಗಿ ಮೊದಲಿನ ಜಾಗಕ್ಕೇ ಬಂದು, ಕಾವಲಿಲ್ಲದ ಹಾಯ್ಗಡದಲ್ಲಿ ಹೊಳೆ ದಾಟಿಬಿಟ್ಟರು. ಲಕ್ಷಗಟ್ಟಲೆ ಜನರ ಯುದ್ಧದ ದಿಕ್ಕು ಬದಲಾದದ್ದು ಆ ರಾತ್ರಿಯೇ ಎಂದರೆ ತಪ್ಪಾಗದು.

ಆ ಹಾಯ್ಗಡ ಯಾವುದು, ಕಾಳಗದ ಕಣ ಯಾವುದು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 1900ರಲ್ಲಿ ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸಿವೆಲ್, ಇಂಗಳಗಿಯ ಬಳಿ ಹೊಳೆ ತಿರುಗುವಲ್ಲಿ ಸೇನೆ ದಾಟಿತೆಂದೂ ಕಾಳಗ ನಡೆದದ್ದು ನದಿಯ ದಕ್ಷಿಣಕ್ಕೆ, ಮುದಗಲ್ಲಿನ ದಾರಿಯಲ್ಲೆಂದೂ ಹೇಳಿದ. ಸ್ಥಳೀಯ ನೆನಪು ರಕ್ಕಸಗಿ ಮತ್ತು ತಂಗಡಗಿ ಊರುಗಳನ್ನು ಬಲವಾಗಿ ಹಿಡಿದುಕೊಂಡಿದೆ. ರಕ್ಕಸತಂಗಡಿ ಯುದ್ಧವೆಂಬ ಹೆಸರು ಬಂದದ್ದು ಹಾಗೆ. ಗಿರೀಶ ಕಾರ್ನಾಡರು ಈ ಯುದ್ಧದ ಮೇಲೆ ಬರೆದ ನಾಟಕದ ಹೆಸರೂ ‘ರಾಕ್ಷಸ ತಂಗಡಿ’. ಬನ್ನಿಹಟ್ಟಿಯ ಕದನವೆಂದು ಕರೆದವರೂ ಇದ್ದಾರೆ. ಅಷ್ಟು ದೊಡ್ಡ ಸೇನೆಗಳು ಹರಡಿಕೊಂಡ ನೆಲ ಹಲವು ಹರದಾರಿಯಷ್ಟಿದ್ದೀತು; ಒಂದೇ ಹೊಲವನ್ನು ತೋರಿಸಿ ‘ಇದೇ ಕಣ’ ಎನ್ನುವುದು ಸರಿಯಲ್ಲ. ದಿನಾಂಕದಲ್ಲೂ ಸಣ್ಣ ವ್ಯತ್ಯಾಸವುಂಟು. ಪಠ್ಯಪುಸ್ತಕಗಳು 1565ರ ಜನವರಿ 23 ಎನ್ನುತ್ತವೆ, ಕೆಲವರು ಅದೇ ತಿಂಗಳ ಬೇರೆ ದಿನ ಹೇಳುತ್ತಾರೆ.

ಕಾಳಗ ಮಾತ್ರ ಒಂದೇ ದಿನದ ಕೆಲವು ತಾಸುಗಳಲ್ಲಿ ಮುಗಿಯಿತು. ಸುಲ್ತಾನರ ನಡುಪಡೆ ಹುಸೇನ್ ನಿಜಾಮ್‌ಶಾಹನದು, ಬಲಕ್ಕೆ ಅಲಿ, ಎಡಕ್ಕೆ ಗೋಲ್ಕೊಂಡ ಮತ್ತು ಬೀದರ. ಮೊದಲಿಗೆ ವಿಜಯನಗರದವರ ಕೈಯೇ ಮೇಲಾಗಿತ್ತು. ಎರಡೂ ಬದಿಯ ಸುಲ್ತಾನರ ಪಡೆಗಳು ಹಿಂದೆ ಸರಿದವು. ನಡುವೆ ಅಹಮದ್‌ನಗರದ ತೋಪುಖಾನೆಯ ಮುಖ್ಯಸ್ಥ ರೂಮಿ ಖಾನ್ ತೋಪುಗಳನ್ನು ಸಾಲಾಗಿ ನಿಲ್ಲಿಸಿದ್ದ. ಎದುರಾಳಿ ತೀರ ಹತ್ತಿರ ಬಂದಾಗ ತೋಪಿನ ಬಾಯಿಗೆ ತಾಮ್ರದ ನಾಣ್ಯಗಳ ಚೀಲ ತುಂಬಿ ಹಾರಿಸಿದನೆಂದು ಫೆರಿಶ್ತಾ ಹೇಳುತ್ತಾನೆ. ಆ ಗದ್ದಲದಲ್ಲಿ ರಾಮರಾಯ ಸೆರೆ ಸಿಕ್ಕ. ಹುಸೇನ್ ಅವನ ತಲೆ ಕಡಿಸಿ ಭರ್ಚಿಗೆ ಸಿಕ್ಕಿಸಿ ಎತ್ತಿ ತೋರಿಸಿದ. ಅದನ್ನು ಕಂಡೊಡನೆ ಸೇನೆ ಚದುರಿತು. ವಿಜಯನಗರದ ಇಬ್ಬರು ಮುಸ್ಲಿಂ ಸರದಾರರು ಕೊನೆಗಳಿಗೆಯಲ್ಲಿ ಪಕ್ಷ ಬದಲಿಸಿದ್ದೇ ಸೋಲಿಗೆ ಕಾರಣವೆಂದು 1567ರಲ್ಲಿ ಹಾಳುಬಿದ್ದ ಹಂಪಿಯನ್ನು ಕಂಡ ವೆನಿಸ್ಸಿನ ವ್ಯಾಪಾರಿ ಸಿಸೇರ್ ಫೆಡರಿಚಿ ಬರೆದ. ಫೆರಿಶ್ತಾ ಆ ಮಾತನ್ನು ಎತ್ತುವುದಿಲ್ಲ. ಅವನೂ ವಿಜಾಪುರದ ಆಸ್ಥಾನದಲ್ಲಿ ಕುಳಿತು ದಶಕಗಳ ನಂತರ ಬರೆದವನೆಂಬುದನ್ನು ಓದುಗರು ಮರೆಯಬಾರದು. ತಿರುಮಲ ರಾಜಧಾನಿಗೆ ಓಡಿ, ಸಿಕ್ಕಷ್ಟು ಸಂಪತ್ತನ್ನು ಆನೆಗಳ ಮೇಲೆ ಹೇರಿಕೊಂಡು, ಸದಾಶಿವರಾಯನೊಡನೆ ಪೆನುಕೊಂಡೆಗೆ ಹೋದ. ಹಿಂದುಳಿದ ನಗರ ತಿಂಗಳುಗಟ್ಟಲೆ ಸೂರೆಯಾಯಿತು.

ಇಂಥ ರಣಭೂಮಿಯನ್ನು ಇಂದಿನವರಿಗೆ ತೋರಿಸುವುದು ಹೇಗೆ? ಯುದ್ಧದ ನೆನಪನ್ನೂ ನಿಸರ್ಗದ ಚೆಲುವನ್ನೂ ಒಂದೇ ಪ್ರವಾಸದಲ್ಲಿ ಕಾಣಿಸುವ ಊರುಗಳು ಹೊರದೇಶಗಳಲ್ಲಿ ಹಲವಿವೆ. ಥಾಯ್ಲೆಂಡಿನ ಕಾಂಚನಬುರಿ ಅಂಥದೊಂದು. ಎರಡನೆಯ ಮಹಾಯುದ್ಧದಲ್ಲಿ ಜಪಾನೀ ಸೇನೆ ಬರ್ಮಾಕ್ಕೆ ಹಾಕಿಸಿದ 415 ಕಿ.ಮೀ. ರೈಲುದಾರಿ ಅಲ್ಲಿ ಹಾದುಹೋಗಿತ್ತು. 1942–43ರಲ್ಲಿ ಆ ದಾರಿಗಾಗಿ ದುಡಿದು ಸತ್ತ ಯುದ್ಧಕೈದಿಗಳು 12,000ಕ್ಕೂ ಹೆಚ್ಚು. ಸತ್ತ ಏಷ್ಯಾದ ಕೂಲಿಗಳು ಅದರ ಎಷ್ಟೋ ಪಟ್ಟು. ಅವರಲ್ಲಿ ಮಲಯದ ರಬ್ಬರ್ ತೋಟಗಳ ತಮಿಳರೂ ಇದ್ದರು. ಕ್ವಾಯ್ ನದಿಯ ಸೇತುವೆ, ಸುಮಾರು 7,000 ಸಮಾಧಿಗಳ ಸೈನಿಕ ಸ್ಮಶಾನ, ವಸ್ತುಸಂಗ್ರಹಾಲಯ, ಏಳು ಹಂತದ ಎರಾವಾನ್ ಜಲಪಾತ ಎಲ್ಲವನ್ನೂ ಜೋಡಿಸಿ ಅಲ್ಲಿನವರು ಪ್ರವಾಸವೊಂದನ್ನು ಕಟ್ಟಿದ್ದಾರೆ. ಆದರೂ ಕೈದಿಗಳ ಹೆಸರು ಕಲ್ಲಿನ ಮೇಲಿವೆ, ಕೂಲಿಗಳ ಹೆಸರಿಲ್ಲ. ಕೃಷ್ಣೆಯ ದಂಡೆಯಲ್ಲಿ ಸತ್ತ ಕಾಲಾಳುಗಳ ಕಥೆಯೂ ಇದೇ. ಅರಸರ ಹೆಸರು ಗ್ರಂಥಗಳಲ್ಲಿವೆ. ಹೊಲಮನೆ ಬಿಟ್ಟು ಬಂದು ಇಲ್ಲಿ ಮಡಿದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ತಾಳಿಕೋಟಿ–ತಂಗಡಗಿ ಸಾಲಿನಲ್ಲಿ ಒಂದು ನಕ್ಷೆ, ನಾಲ್ಕು ಮಾಹಿತಿಫಲಕ, ಶಾಲೆಯ ಮಕ್ಕಳಿಗೆ ತಿಳಿಯುವಂಥ ಒಂದು ಸಣ್ಣ ಸಂಗ್ರಹಾಲಯ ಆಗಲೇಬೇಕಾದ ಕೆಲಸ.

ಇಂದಿನ ಕೃಷ್ಣೆ 1565ರ ಕೃಷ್ಣೆಯಲ್ಲ. ಕೆಳಗೆ ನಾರಾಯಣಪುರದ ಬಸವಸಾಗರ, ಮೇಲೆ ಆಲಮಟ್ಟಿಯ ಲಾಲ್ ಬಹಾದುರ್ ಶಾಸ್ತ್ರಿ ಸಾಗರ. ಎರಡು ಅಣೆಕಟ್ಟುಗಳ ನಡುವೆ ಹೊಳೆ ನಿಂತ ನೀರಾಗಿ ಅಗಲವಾಗಿದೆ. ಕುದುರೆಗಳು ಎದೆಮಟ್ಟದ ನೀರಿನಲ್ಲಿ ದಾಟಿದ ಕಾಲದ ಹೊಳೆಯನ್ನು ಇಲ್ಲಿ ಹುಡುಕಿದರೆ ಸಿಗದು. ಜನವರಿಯಲ್ಲೂ ದಡದಿಂದ ದಡಕ್ಕೆ ನೀರೇ ನೀರು. ತಂಗಡಗಿಯಲ್ಲಿ ಬಸವಣ್ಣನವರ ಮಡದಿ ನೀಲಾಂಬಿಕೆ ಐಕ್ಯಳಾದ ಸ್ಥಳವಿದೆ, ಹಡಪದ ಅಪ್ಪಣ್ಣನ ಪರಂಪರೆಯ ಮಠವಿದೆ. ಹೊಳೆಯಾಚೆ ಹುನಗುಂದ ತಾಲ್ಲೂಕಿನಲ್ಲಿ ಕೃಷ್ಣಾ–ಮಲಪ್ರಭೆಯರು ಕೂಡುವ ಕೂಡಲಸಂಗಮ. ಅಣೆಕಟ್ಟಿನ ಹಿನ್ನೀರು ಏರಿದಾಗ ಬಸವಣ್ಣನವರ ಐಕ್ಯಸ್ಥಳ ಮುಳುಗದಂತೆ ಸುತ್ತ ಬಾವಿಯಂಥ ಗೋಡೆ ಕಟ್ಟಲಾಗಿದೆ. ಮೆಟ್ಟಿಲಿಳಿದು ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿ ದರ್ಶನ ಮಾಡಬೇಕು. ಯುದ್ಧಕ್ಕಿಂತ ನಾಲ್ಕು ನೂರು ವರ್ಷ ಹಿಂದಿನ ಶರಣರ ನೆಲೆಯೂ ಯುದ್ಧದ ನೆಲವೂ ಹೀಗೆ ಒಂದೇ ಹೊಳೆಯ ದಂಡೆಗೆ ಬಂದು ನಿಂತಿರುವುದು ಈ ಸೀಮೆಯ ದೊಡ್ಡ ಸಂಪತ್ತು.

ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಕಾಮಗಾರಿ ಮುಗಿದದ್ದು 2005ರಲ್ಲಿ. 519.6 ಮೀಟರಿನವರೆಗೆ ನೀರು ನಿಂತಾಗ ಸುಮಾರು 123 ಟಿ.ಎಂ.ಸಿ. ಸಂಗ್ರಹ. ಸಹ್ಯಾದ್ರಿಯಲ್ಲಿ ಮಳೆ ಜೋರಾಗಿ 26 ಗೇಟುಗಳಿಂದ ನೀರು ಬಿಡುವ ದಿನಗಳಲ್ಲಿ ಇಲ್ಲಿ ಜನಜಾತ್ರೆ. ತೋಟಗಳು, ಸಂಗೀತ ಕಾರಂಜಿ ಮಕ್ಕಳಿಗೆ ಇಷ್ಟ. ಚಳಿಗಾಲದಲ್ಲಿ ಹಿನ್ನೀರಿನ ಕೆಸರುದಂಡೆಗೆ ರಾಜಹಂಸಗಳು, ಕರಕರ ಕೊಕ್ಕರೆಗಳು ಬರುತ್ತವೆ. ಅಣೆಕಟ್ಟಿನ ಗದ್ದಲಕ್ಕಿಂತ ಆ ದಂಡೆಯ ನೋಟ ಹೆಚ್ಚು ಬೆಲೆಬಾಳುವಂಥದು. ಕೆಳಗೆ ನಾರಾಯಣಪುರದ ಬಳಿ ಛಾಯಾ ಭಗವತಿಯಲ್ಲಿ ಹೊಳೆ ಬಂಡೆಗಳ ನಡುವೆ ಸೀಳಿ ಹರಿಯುತ್ತದೆ. ಇನ್ನೂ ಕೆಳಗೆ, ಲಿಂಗಸುಗೂರು ತಾಲ್ಲೂಕಿನ ಜಲದುರ್ಗದಲ್ಲಿ ನದಿಯ ಕವಲುಗಳ ನಡುವಿನ ನಡುಗಡ್ಡೆಯ ಮೇಲೆ ಹಳೆಯ ಕೋಟೆಯಿದೆ.

ಯುದ್ಧದ ಫಲ ಯಾರಿಗೆ ಸಿಕ್ಕಿತೆಂದು ತಿಳಿಯಲು ಮುದಗಲ್ಲು ಮತ್ತು ವಿಜಯಪುರ ನೋಡಬೇಕು. ಮುದಗಲ್ಲು, ರಾಯಚೂರು ಕೋಟೆಗಳು ಆದಿಲ್‌ಶಾಹಿಗಳ ಕೈಸೇರಿದವು. ಗೆದ್ದ ಹಣದ ಬಲದಿಂದ ಅಲಿ ತನ್ನ ರಾಜಧಾನಿಯ ಕೋಟೆಗೋಡೆ, ಜಾಮಿ ಮಸೀದಿಗಳ ಕೆಲಸಕ್ಕೆ ಕೈಹಾಕಿದ. ವಿಜಯಪುರದ ಶೇರ್ಜಾ ಬುರುಜಿನ ಮೇಲಿರುವ ಮಲಿಕ್‌-ಎ-ಮೈದಾನ್ ತೋಪು 1549ರಲ್ಲಿ ಅಹಮದ್‌ನಗರದಲ್ಲಿ ಎರಕವಾದದ್ದು. 55 ಟನ್ ತೂಕದ್ದೆನ್ನುತ್ತಾರೆ. ಆನೆಯನ್ನು ಕಚ್ಚಿದ ಸಿಂಹದ ಬಾಯಿಯಂತಿದೆ ಅದರ ಮೋರೆ. 1565ರ ಕಾಳಗದಲ್ಲಿ ಇದೂ ಗುಡುಗಿತೆಂಬ ಪ್ರತೀತಿಯಿದೆ. ವಿಜಾಪುರಕ್ಕೆ ಬಂದದ್ದು ಮಾತ್ರ 1632ರಲ್ಲಿ.

ಈ ನೆಲ ನೋಡಲು ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ಒಳ್ಳೆಯ ಕಾಲ. ಸಿಂದಗಿಯ ಕಡೆಯಿಂದ ಬರುವವರು ಮೊದಲು ತಾಳಿಕೋಟಿ ಮತ್ತು ಡೋಣಿ ನೋಡಿ, ಮುದ್ದೇಬಿಹಾಳದ ಮೂಲಕ ತಂಗಡಗಿಗೆ ಇಳಿದರೆ ಸುಲ್ತಾನರ ಸೇನೆ ಹೊಳೆಯ ಕಡೆಗೆ ಸಾಗಿದ ದಿಕ್ಕನ್ನೇ ಹಿಡಿದಂತಾಗುತ್ತದೆ. ಮುಂದೆ ಕೂಡಲಸಂಗಮ, ಆಲಮಟ್ಟಿ ನೋಡಿಕೊಂಡು ಹೆದ್ದಾರಿಯಲ್ಲಿ ವಿಜಯಪುರಕ್ಕೆ ಬರಬಹುದು. ಎಳ್ಳಮವಾಸ್ಯೆ ಕಳೆದ ಮೇಲೆ ಹೋದರೆ ಎರೆಹೊಲಗಳಲ್ಲಿ ಜೋಳ ತೆನೆಗಟ್ಟಿರುತ್ತದೆ. ಎಳೆ ತೆನೆ ಸುಟ್ಟು ಬಡಿದ ಸೀತನಿಯನ್ನು ಶೇಂಗಾ ಹಿಂಡಿ, ಬೆಲ್ಲದ ಜೊತೆ ತಿನ್ನಲು ಸಿಗುವುದು ಆ ಕಾಲದಲ್ಲಿ ಮಾತ್ರ. ಹೊಳೆದಂಡೆಯ ಹಳ್ಳಿಗಳಲ್ಲಿ ಉಳಿದುಕೊಳ್ಳುವ ವ್ಯವಸ್ಥೆ ಕಡಿಮೆ. ರಾತ್ರಿಗೆ ಕೂಡಲಸಂಗಮ, ಆಲಮಟ್ಟಿ ಅಥವಾ ವಿಜಯಪುರವನ್ನು ಸೇರಿಕೊಳ್ಳುವುದು ಅನುಕೂಲ.