ನ್ಯಾನೋಕಣಗಳೂ ಉಷ್ಣದ ಸಾಗಣೆಯೂ

ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳು ವಾಹನಗಳನ್ನೂ ಔಷಧಗಳನ್ನೂ ತಯಾರಿಸುವುವೆಂಬುದು ಸರ್ವವಿದಿತ. ಅವು ಸದ್ದಿಲ್ಲದೆ ಮಾಡುವ ಇನ್ನೊಂದು ಕೆಲಸ ಉಷ್ಣವನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸುವುದು. 1954ರಲ್ಲಿ ಪಿಂಪ್ರಿಯಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಪೆನಿಸಿಲಿನ್ ತಯಾರಿಸತೊಡಗಿದಾಗ, ಬೂಷ್ಟು ಬೆಳೆಯುವ ತೊಟ್ಟಿಗಳನ್ನು ಎಡೆಬಿಡದೆ ತಂಪಾಗಿರಿಸಬೇಕಾಯಿತು; ಬೆಳೆಯುವ ಬೂಷ್ಟು ತಾನೇ ಕಾವನ್ನು ಹುಟ್ಟಿಸುತ್ತದೆ, ಆ ಕಾವು ಹೆಚ್ಚಿದರೆ ಅದಕ್ಕೇ ಮಾರಕ. ಬಾಯ್ಲರುಗಳಿಗೆ ಹೆಸರಾದ ಥರ್ಮ್ಯಾಕ್ಸ್ ಚಿಂಚವಾಡದಲ್ಲಿಯೂ, ಶಾಖ ವಿನಿಮಯದ ಯಂತ್ರಗಳಿಗೆ ಹೆಸರಾದ ಆಲ್ಫಾ ಲಾವಲ್ ದಾಪೋಡಿಯಲ್ಲಿಯೂ ನೆಲೆಸಿದುದು ಇಲ್ಲಿ ಸ್ಮರಣೀಯ.

ಈ ಸಾಗಣೆಗೆಲ್ಲ ಬಹುಮಟ್ಟಿಗೆ ನೀರೇ ವಾಹನ. ಆದರೆ ನೀರು ಒಳ್ಳೆಯ ಉಷ್ಣವಾಹಕವಲ್ಲ. ತಾಮ್ರದ ವಾಹಕತೆ ಅದರ 600 ಪಟ್ಟಿಗೂ ಹೆಚ್ಚು. ಹಾಗಾದರೆ ನೀರಿನಲ್ಲಿ ಲೋಹದ ಪುಡಿಯನ್ನು ಕದಡಬಾರದೇಕೆ? ಇಂತಹ ಮಿಶ್ರಣದ ವಾಹಕತೆಯನ್ನು ಎಣಿಸುವ ಸೂತ್ರವನ್ನು ಮ್ಯಾಕ್ಸ್‌ವೆಲ್ 1873ರಲ್ಲಿಯೇ ಕೊಟ್ಟಿದ್ದನು. ತೊಡಕು ಬೇರೆಡೆಯಿತ್ತು: ಪುಡಿ ತಳಕ್ಕಿಳಿಯುತ್ತದೆ, ಕೊಳವೆಯನ್ನು ಸವೆಸುತ್ತದೆ. 1995ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದ ಚೋಯ್ ಅವರು ಕಣಗಳನ್ನು ಕೆಲವು ನ್ಯಾನೋಮೀಟರುಗಳಿಗೆ ಇಳಿಸುವ ಮಾರ್ಗವನ್ನು ಸೂಚಿಸಿದರು. ಮೀಟರಿನ ನೂರು ಕೋಟಿಯ ಒಂದು ಭಾಗವೇ ನ್ಯಾನೋಮೀಟರು. ಅಷ್ಟು ಸಣ್ಣ ಕಣ ಸುಲಭವಾಗಿ ತಳಕ್ಕಿಳಿಯದು. 2001ರಲ್ಲಿ ಶೇಕಡ 0.3ರಷ್ಟು ತಾಮ್ರದ ಕಣಗಳಿಂದ ಎಥಿಲೀನ್ ಗ್ಲೈಕಾಲಿನ ವಾಹಕತೆ ಶೇಕಡ 40ರವರೆಗೆ ಏರಿತೆಂಬ ವರದಿ ಬಂದು, ಎಲ್ಲೆಲ್ಲಿಯೂ ಉತ್ಸಾಹವುಕ್ಕಿತು. ಆದರೆ 2009ರಲ್ಲಿ 30ಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ಬಗೆಯ ಮಾದರಿಗಳನ್ನು ಹಂಚಿಕೊಂಡು ಅಳೆದಾಗ, ಅವುಗಳಲ್ಲಿ ಮ್ಯಾಕ್ಸ್‌ವೆಲನ ಪರಂಪರೆಯ ಲೆಕ್ಕವನ್ನು ಮೀರಿದ ಪವಾಡವೇನೂ ಕಾಣಲಿಲ್ಲ.

ವಾಹನದ ರೇಡಿಯೇಟರಿಗೂ ಇದರಿಂದ ದೊಡ್ಡ ಲಾಭವನ್ನು ನಿರೀಕ್ಷಿಸುವುದು ಸಲ್ಲದು. ಅಲ್ಲಿ ಉಷ್ಣಕ್ಕೆ ಮುಖ್ಯ ಅಡ್ಡಿ ಹೊರಗಿನ ಗಾಳಿ. ಒಳಗಿನ ದ್ರವವನ್ನೆಷ್ಟು ಸಂಸ್ಕರಿಸಿದರೂ ಆ ಅಡ್ಡಿ ತಗ್ಗದು. ಮೇಲಾಗಿ ಕಣ ಬೆರೆತ ದ್ರವ ಮಂದವಾಗಿ, ಪಂಪಿನ ದುಡಿಮೆ ಹೆಚ್ಚುತ್ತದೆ.

ಕುದಿಯುವ ನೀರಿನ ವಿಚಾರ ಬೇರೆ. ಕಾವಲಿ ಹದವಾಗಿ ಕಾದಿದ್ದರೆ ಚಿಮುಕಿಸಿದ ನೀರು ಚುಂಯ್ ಎಂದು ಆರಿಹೋಗುತ್ತದೆ. ಮಿತಿಮೀರಿ ಕಾದಿದ್ದರೆ ಅದೇ ಹನಿ ಗುಂಡಾಗಿ, ಆರದೆ, ಹೊರಳಾಡುತ್ತದೆ. ನಡುವೆ ಹಾಸಿಕೊಂಡ ಹಬೆಯ ಪೊರೆ ಉಷ್ಣವನ್ನು ತಡೆಯುವುದೇ ಇದಕ್ಕೆ ಕಾರಣ. ಕುದಿಯುವ ನೀರನ್ನು ಹೊತ್ತ ಲೋಹದ ಮೇಲೆ ಇಂತಹ ಪೊರೆ ಕವಿದರೆ ಲೋಹವೇ ಸುಟ್ಟುಹೋಗಬಹುದು. ಸಾಮಾನ್ಯ ವಾಯುಭಾರದಲ್ಲಿ ಈ ಅಪಾಯದ ಮಿತಿ ಚದರ ಸೆಂಟಿಮೀಟರಿಗೆ ಸುಮಾರು 100 ವಾಟ್. 2003ರಲ್ಲಿ ಟೆಕ್ಸಾಸಿನಲ್ಲಿ ನಡೆದ ಪ್ರಯೋಗದಲ್ಲಿ, ತಗ್ಗಿಸಿದ ಒತ್ತಡದಲ್ಲಿ, ಲೀಟರಿಗೆ ಒಂದು ಗ್ರಾಮಿಗಿಂತ ಎಷ್ಟೋ ಕಡಮೆಯಾದ ಅಲ್ಯೂಮಿನಾ ಕಣಗಳು ಆ ಮಿತಿಯನ್ನು ಸುಮಾರು ಮೂರು ಪಟ್ಟಿಗೇರಿಸಿದುವು. ಕೌತುಕವೆಂದರೆ, ಕಣಗಳು ಉಪಕರಿಸಿದುದು ದ್ರವದಲ್ಲಿ ತೇಲಿದ್ದುಕೊಂಡಲ್ಲ. ಕುದಿಯುವಾಗ ಲೋಹದ ಮೇಲೆ ಕುಳಿತು ರಂಧ್ರಮಯವಾದ ಪದರವಾಗಿ, ನೀರನ್ನು ಮೈಗೆಳೆದುಕೊಂಡು. ಆದರೆ ಅದೇ ವರ್ಷ ಮದರಾಸಿನ ಐ.ಐ.ಟಿ.ಯ ಸರಿತ್ ಕುಮಾರ್ ದಾಸ್ ಮತ್ತು ಸಂಗಡಿಗರು, ಹೀಗೆ ಕುಳಿತ ಕಣಗಳು ಮೇಲ್ಮೈಯ ಕುಳಿಗಳನ್ನು ತುಂಬಿ ಕುದಿತವನ್ನು ಮಂದಗೊಳಿಸುವುದನ್ನೂ ಕಂಡರು.

ಹೀಗಿರಲು, ಕಣಗಳನ್ನು ನೀರಿಗೆ ಸುರಿಯುವುದಕ್ಕಿಂತ ಲೋಹದ ಮೈಯನ್ನೇ ಬೇಕಾದಂತೆ ರಚಿಸುವುದು ಮೇಲು. 2009ರಲ್ಲಿ ಬರ್ಕ್ಲಿಯಲ್ಲಿ ತಾಮ್ರ ಹಾಗೂ ಸಿಲಿಕಾನಿನ ನ್ಯಾನೋತಂತಿಗಳನ್ನು ಒತ್ತಾಗಿ ಬೆಳೆಸಿದ ಮೇಲ್ಮೈ ಆ ಮಿತಿಯನ್ನು ಇಮ್ಮಡಿಗಿಂತ ಹೆಚ್ಚಿಸಿತು. ಪ್ರಯೋಗಾಲಯ ಬಳಸುವುದು ಶುದ್ಧೀಕರಿಸಿದ ನೀರನ್ನು. ಕಾರ್ಖಾನೆಗೆ ಬರುವ ನೀರಿನಲ್ಲಾದರೋ ಸುಣ್ಣವುಂಟು. ಬಚ್ಚಲ ಹಂಡೆಯ ತಳಕ್ಕೆ ಕಟ್ಟುವ ಬಿಳಿಯ ಚಕ್ಕೆ ಈ ನವುರಾದ ತಂತಿಗಳ ಸಂದುಗಳನ್ನು ಮುಚ್ಚಲು ಎಷ್ಟು ಕಾಲ ಬೇಕೆಂಬುದನ್ನು, ಬಾಯ್ಲರಿಗೆ ಅಳವಡಿಸುವ ಮೊದಲು, ಅಳೆದು ನೋಡಬೇಕಾಗುತ್ತದೆ.