ಹಳೇ ಮನೆ, ಹೊಸ ಕಿಟಕಿ ಮತ್ತು ಊರಿನ ಅಪ್ಪಣೆ



"ನಮ್ಮ ದುಡ್ಡು, ನಮ್ಮ ಮನೆ. ಕಿಟಕಿ ಬದಲಾಯಿಸೋಕೆ ಊರಿನವರ ಅಪ್ಪಣೆ ಯಾಕ್ರೀ?" ಪಾಟ್‌ಲಕ್‌ಗಳಲ್ಲಿ ಬಿಸಿಬೇಳೆಭಾತ್ ತಟ್ಟೆ ಹಿಡಿದುಕೊಂಡೇ ಸ್ನೇಹಿತರು ನನ್ನನ್ನು ಕೇಳುವ ಪ್ರಶ್ನೆ ಇದು. ನಾನು ವೃತ್ತಿಯಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಜೊತೆಗೆ ಮ್ಯಾಸಚೂಸೆಟ್ಸ್‌ನ ನಮ್ಮ ಊರಿನ ಹಿಸ್ಟಾರಿಕ್ ಡಿಸ್ಟ್ರಿಕ್ಟ್ ಕಮಿಷನ್‌ನ ಸದಸ್ಯ. ಹಳೇ ಬಡಾವಣೆಯ ಮನೆಗಳ ಹೊರನೋಟ ಕಾಯುವ ಸಮಿತಿ ಇದು. ಸಂಬಳ ಸೊನ್ನೆ! ಹಗಲೆಲ್ಲ ಕೋಡ್ ರಿವ್ಯೂ, ತಿಂಗಳಿಗೊಂದು ಸಂಜೆ ಮನೆ ರಿವ್ಯೂ.

ಈ ಕಾನೂನು ಇವತ್ತಿನದಲ್ಲ. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರ 1931ರಲ್ಲೇ ಇಂಥ ನಿಯಮ ಮಾಡಿತು. ನಮ್ಮ ರಾಜ್ಯದಲ್ಲಿ 1955ರಲ್ಲಿ ಬಾಸ್ಟನ್ನಿನ ಬೀಕನ್ ಹಿಲ್‌ಗೆ ರಕ್ಷಣೆ ಸಿಕ್ಕಿತು. 1960ರಲ್ಲಿ ಬಂದ ಕಾನೂನಿನಿಂದ ಯಾವ ಊರು ಬೇಕಾದರೂ ಇಂಥ ಸಮಿತಿ ಮಾಡಿಕೊಳ್ಳುವಂತಾಯಿತು.

ಒಂದು ಗೊಂದಲ ಮೊದಲು ಬಗೆಹರಿಸಿಬಿಡೋಣ. ಮನೆ "ನ್ಯಾಷನಲ್ ರಿಜಿಸ್ಟರ್" ಪಟ್ಟಿಯಲ್ಲಿದ್ದರೆ ಅದೊಂದು ಗೌರವ. ಅಷ್ಟರಿಂದಲೇ ನಿಮ್ಮ ಸ್ವಂತ ದುಡ್ಡಿನ ರಿಪೇರಿಗೆ ಯಾರೂ ಅಡ್ಡ ಬರುವುದಿಲ್ಲ. ಆದರೆ ಊರು ಗುರುತಿಸಿದ ಐತಿಹಾಸಿಕ ಬಡಾವಣೆಯೊಳಗೆ ಮನೆಯಿದ್ದರೆ, ರಸ್ತೆಯಿಂದ ಕಾಣುವ ಹೊರಭಾಗವನ್ನು ಬದಲಿಸುವ ಮೊದಲು ಸಮಿತಿಯ ಪ್ರಮಾಣಪತ್ರ ಬೇಕು. ಒಳಗೆ ಅಡುಗೆಮನೆ ಒಡೆಯಿರಿ, ದೇವರಮನೆ ಕಟ್ಟಿರಿ, ನಮಗೆ ಸಂಬಂಧವಿಲ್ಲ. ಇದ್ದದ್ದನ್ನು ಇದ್ದ ಹಾಗೇ ಸರಿಪಡಿಸುವ ಸಾಮಾನ್ಯ ದುರಸ್ತಿಗೂ ಅಪ್ಪಣೆ ಬೇಡ.

ಹಾಗಾದರೆ ನಾವು ನೋಡುವುದೇನು? ನಮ್ಮ ನಮ್ಮ ರುಚಿಯನ್ನಂತೂ ಅಲ್ಲ. ಅಮೆರಿಕದ ಇಂಟೀರಿಯರ್ ಇಲಾಖೆ ಹಳೇ ಕಟ್ಟಡಗಳ ನವೀಕರಣಕ್ಕೆ ಹತ್ತು ಸೂತ್ರಗಳನ್ನು ಕೊಟ್ಟಿದೆ. ಅವುಗಳ ಸಾರವನ್ನು ನಾನು ಮೂರು ಪ್ರಶ್ನೆಗಳಾಗಿ ಇಟ್ಟುಕೊಂಡಿದ್ದೇನೆ. ಇದನ್ನು ಬದಲಿಸುವ ಬದಲು ರಿಪೇರಿ ಮಾಡಬಹುದೇ? ಬದಲಿಸಲೇಬೇಕಾದರೆ ಹೊಸದು ಹಳೆಯದಕ್ಕೆ ಹೊಂದುತ್ತದೆಯೇ? ಮುಂದೊಂದು ದಿನ ಇದನ್ನು ತೆಗೆದರೆ ಮೂಲ ಮನೆ ಹಾಗೇ ಉಳಿದಿರುತ್ತದೆಯೇ?

ಒಂದು ಅರ್ಜಿಯನ್ನೇ ತೆಗೆದುಕೊಳ್ಳಿ. ಸುಮಾರು ನೂರೈವತ್ತು ವರ್ಷ ಹಳೆಯ ಮರದ ಮನೆ. ಕೊಂಡದ್ದು ನಮ್ಮ ದೇಶದ್ದೇ ಒಂದು ಕುಟುಂಬ. ಅವರ ಪಟ್ಟಿಯಲ್ಲಿ ನಾಲ್ಕು ಕೆಲಸಗಳಿದ್ದವು: ವಿನೈಲ್ ಕಿಟಕಿ, ಗೋಡೆಗೆ ವಿನೈಲ್ ಹೊದಿಕೆ, ಚಿಮಣಿಗೆ ಹೊಸ ಸಿಮೆಂಟು, ಮುಂಬಾಗಿಲಿಗೆ ಒಂದು ರ‍್ಯಾಂಪು.

ಕಿಟಕಿಯಿಂದ ಶುರುಮಾಡಿದೆವು. ಚಳಿಗಾಲದ ಹೀಟಿಂಗ್ ಬಿಲ್ಲು ನೋಡಿದವರಿಗೆ ಅವರ ಸಂಕಟ ಅರ್ಥವಾಗುತ್ತದೆ. ಆದರೆ ಹಳೇ ಕಿಟಕಿಯ ಮರ ನಿಧಾನವಾಗಿ ಬೆಳೆದ ಗಟ್ಟಿ ಮರ. ಅದನ್ನು ಬಿಡಿ ಬಿಡಿಯಾಗಿ ಬಿಚ್ಚಿ, ಕೆಟ್ಟ ಭಾಗವನ್ನಷ್ಟೇ ಸರಿಪಡಿಸಬಹುದು. ಜೋಡಿ ಗಾಜಿನ ಹೊಸ ಕಿಟಕಿಯಲ್ಲಿ ಗಾಜುಗಳ ನಡುವಿನ ಸೀಲು ಹೋದರೆ ಆ ಗಾಜಿನ ಫಲಕವನ್ನೇ ಬದಲಿಸಬೇಕು. ಹಳೇ ಕಿಟಕಿಯ ಸಂದುಗಳನ್ನು ಮುಚ್ಚಿ, ಹೊರಗೊಂದು ಒಳ್ಳೆಯ ಸ್ಟಾರ್ಮ್ ವಿಂಡೋ ಹಾಕಿದರೆ ಹೆಚ್ಚುಕಡಿಮೆ ಜೋಡಿ ಗಾಜಿನಷ್ಟೇ ಶಾಖ ಉಳಿಯುತ್ತದೆ. ಮುಂಭಾಗಕ್ಕೆ ಇದೇ ಆಯಿತು. ಹಿಂಭಾಗದ ಕಿಟಕಿಗಳು ರಸ್ತೆಗೆ ಕಾಣುವುದಿಲ್ಲ, ಅದು ಅವರಿಷ್ಟ.

ವಿನೈಲ್ ಹೊದಿಕೆಗೆ ಒಪ್ಪಿಗೆ ಸಿಗಲಿಲ್ಲ. ಅದು ಮರದ ಕೆತ್ತನೆ, ಅಂಚುಪಟ್ಟಿಗಳನ್ನೆಲ್ಲ ಮುಚ್ಚುತ್ತದೆ. ಒಳಗೆ ನೀರು ಸೇರಿ ಮರ ಕೊಳೆಯುತ್ತಿದ್ದರೂ ಹೊರಗೆ ಗೊತ್ತಾಗುವುದಿಲ್ಲ. ಕೆಟ್ಟ ಹಲಗೆಗಳನ್ನಷ್ಟೇ ಅದೇ ಅಳತೆಯ ಮರದಿಂದ ಬದಲಿಸಿ ಎಂದೆವು.

ಚಿಮಣಿಯ ವಿಷಯ ಊರಲ್ಲಿ ಹಳೇ ಮನೆ ಇರುವವರೆಲ್ಲ ಕೇಳಬೇಕಾದದ್ದು. ಹಳೇ ಇಟ್ಟಿಗೆ ಮೆತ್ತಗೆ. ಅದರ ಜೊತೆಗಾರ ಸುಣ್ಣದ ಗಾರೆ. ತೇವ ಗಾರೆಯ ಮೂಲಕ ಆರಿಹೋಗುತ್ತದೆ. ಅಲ್ಲಿ ಗಟ್ಟಿ ಸಿಮೆಂಟು ತುಂಬಿದರೆ ತೇವ ಇಟ್ಟಿಗೆಯಲ್ಲೇ ನಿಲ್ಲುತ್ತದೆ. ಇಲ್ಲಿನ ಚಳಿಗೆ ಅದು ಹೆಪ್ಪುಗಟ್ಟಿ ಇಟ್ಟಿಗೆಯ ಮುಖವೇ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ನಮ್ಮಲ್ಲಿ ಹಿಮವಿಲ್ಲ ನಿಜ, ಆದರೆ ಗಾರೆ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಕೂರುವುದು ಅಲ್ಲೂ ಅಷ್ಟೇ. ನಮ್ಮ ಅಜ್ಜಂದಿರ ಕಾಲದ ಮೇಸ್ತ್ರಿಗಳಿಗೆ ಇದು ಪಾಠ ಮಾಡದೆಯೇ ಗೊತ್ತಿತ್ತು.

ನಿಜವಾದ ಬಿಸಿ ಏರಿದ್ದು ರ‍್ಯಾಂಪಿನ ವಿಷಯಕ್ಕೆ. ಮನೆಯಾಕೆಯ ಅತ್ತೆ ಭಾರತದಿಂದ ಬಂದು ಇವರೊಂದಿಗೇ ಇರುವವರಿದ್ದರು. ವಾಕರ್ ಇಲ್ಲದೆ ನಡೆಯಲಾರರು. "ಹಿಂಬಾಗಿಲಿಗೆ ಮಾಡಿಸಿ, ಮನೆಯ ಮುಖ ಕೆಡುವುದಿಲ್ಲ" ಎಂದರು ನಮ್ಮ ಸದಸ್ಯರೊಬ್ಬರು. ಆಕೆ ಶಾಂತವಾಗಿ, "ಹಿರಿಯರನ್ನು ಹಿಂಬಾಗಿಲಿಂದ ಕರೆದುಕೊಳ್ಳುವುದು ನಮ್ಮ ಮನೆಯಲ್ಲಿ ಇಲ್ಲ" ಎಂದರು. ಸಭೆ ಒಂದು ಕ್ಷಣ ಸುಮ್ಮನಾಯಿತು.

ನಾನು ಮೂರನೇ ಪ್ರಶ್ನೆಯನ್ನು ಮುಂದಿಟ್ಟೆ. ಇದನ್ನು ಮುಂದೆ ತೆಗೆಯಬಹುದೇ? ಕಲ್ಲಿನ ಮೆಟ್ಟಿಲುಗಳನ್ನು ಮುಟ್ಟದೆ, ಪಕ್ಕದಿಂದ ಮರದ ರ‍್ಯಾಂಪು ಎದ್ದು ಮುಂಜಗಲಿಗೆ ಸೇರಿದರೆ, ಬೇಡವಾದ ದಿನ ಬಿಚ್ಚಿದರಾಯಿತು. ಮನೆಗೆ ಗಾಯವಿಲ್ಲ. ಹೀಗೆ ತಿದ್ದಿದ ನಕ್ಷೆಗೆ, ಮೊದಲು ಬೇಡ ಎಂದಿದ್ದವರೂ ಸೇರಿ, ಎಲ್ಲರೂ ಕೈ ಎತ್ತಿದರು. ಹಳೇ ಮನೆ ಉಳಿಯುವುದು ಅದರಲ್ಲಿ ಜನ ಬಾಳಿದರೆ ಮಾತ್ರ ತಾನೇ? ಬಾಳಲು ಬಿಡದ ರಕ್ಷಣೆ ಮನೆಯನ್ನೂ ಉಳಿಸದು.

ರಿವ್ಯೂ ಸುತ್ತಿಗೆ ಏಳುವ ಮೊದಲೇ ಆಗಬೇಕು ಎನ್ನುವುದಕ್ಕೆ ನಮ್ಮ ಮೈಸೂರೇ ಸಾಕ್ಷಿ. ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರು ಕಟ್ಟಿಸಿ ಬಾಳಿದ ಮನೆಯನ್ನು 2011ರಲ್ಲಿ ಕೆಡವಲು ಶುರುಮಾಡಿದ ಮೇಲೆ ಸುದ್ದಿಯಾಗಿ, ಗಲಾಟೆಯಾಗಿ, ಕೆಲಸ ನಿಂತಿತು. ಆಮೇಲೆ ಸಾರ್ವಜನಿಕರ ದುಡ್ಡಿನಲ್ಲಿ ಕೊಂಡು, ದುರಸ್ತಿ ಮಾಡಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ಆ ಮನೆ ಪುಣ್ಯ ಮಾಡಿತ್ತು. ಹೆಸರಾಂತರು ಬಾಳದ ಮನೆಗಳಿಗೆ ಅಂಥ ಗಲಾಟೆಯ ಭಾಗ್ಯವೂ ಇಲ್ಲ.

ಹಳೇ ಮನೆ ಕೊಳ್ಳುವ ಯೋಚನೆಯಲ್ಲಿರುವವರಿಗೆ ನನ್ನ ನಾಲ್ಕು ಮಾತು:

• ಸಹಿ ಹಾಕುವ ಮೊದಲೇ ಟೌನ್ ಹಾಲ್‌ಗೆ ಫೋನ್ ಮಾಡಿ, ಮನೆ ಐತಿಹಾಸಿಕ ಬಡಾವಣೆಯಲ್ಲಿದೆಯೇ ಎಂದು ಕೇಳಿ.
• ಕಂಟ್ರಾಕ್ಟರ್‌ಗೆ ಮುಂಗಡ ಕೊಡುವ ಮೊದಲು ಅರ್ಜಿ ಹಾಕಿ. ಫೋಟೋ, ಅಳತೆ, ಬಳಸುವ ಸಾಮಗ್ರಿಯ ವಿವರ ಜೊತೆಗಿರಲಿ. ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ 60 ದಿನಗಳೊಳಗೆ ತೀರ್ಮಾನ ಹೇಳಬೇಕು.
• ನಿಯಮ ಪಾಲಿಸಿದರೆ ನಿಜಕ್ಕೂ ತೊಂದರೆಯಾಗುತ್ತದೆ ಎನ್ನುವವರಿಗೆ "ಹಾರ್ಡ್‌ಶಿಪ್" ಪ್ರಮಾಣಪತ್ರವೂ ಉಂಟು. ಕೇಳಲು ಸಂಕೋಚ ಬೇಡ.
• 1978ಕ್ಕಿಂತ ಹಳೆಯ ಮನೆಯಲ್ಲಿ ಸೀಸದ ಬಣ್ಣ ಇರಬಹುದು. ಮಕ್ಕಳಿರುವ ಮನೆಯಲ್ಲಿ ಕಿಟಕಿ ಉಜ್ಜುವ ಮುನ್ನ ಪರೀಕ್ಷೆ ಮಾಡಿಸಿ.

ಕೊನೆಯದಾಗಿ, ಈ ಸಭೆಗಳು ಎಲ್ಲರಿಗೂ ತೆರೆದಿರುತ್ತವೆ. ನಮ್ಮವರು ಅಲ್ಲಿಗೆ ಬರುವುದು ಅರ್ಜಿದಾರರಾಗಿ ಮಾತ್ರ. ಸದಸ್ಯರಾಗಿಯೂ ಬನ್ನಿ. ಬಾಡಿಗೆದಾರರಂತೆ ಬಾಳಿದ್ದು ಸಾಕು, ಊರು ನಮ್ಮದೂ ಹೌದು.